ಸೊಟ್ಟ ಹೊಲಿಗೆಯ ಚಿಟ್ಟೆ

"ಲೇ ಕುಳ್ಳಿ, ಏನೇ ಇದು? ಇಷ್ಟು ನೇರವಾಗಿ ಹೊಲಿಯೋಕೆ ಯಾವಳೇ ನಿಂಗೆ ಹೇಳಿದ್ದು?"

ಮೇಸ್ತ್ರಿ ಕಸೂತಿಯ ಮರದ ರಿಂಗನ್ನು ಅವಳ ಮಡಿಲಿಗೆ ಎಸೆದ. ರಿಂಗಿನೊಳಗೆ ಬಿಗಿದ ಬಿಳಿ ಬಟ್ಟೆಯ ಮೇಲೆ ಕಿತ್ತಳೆ ರೆಕ್ಕೆಯ ಚಿಟ್ಟೆ, ಅದರ ಕೆಳಗೆ ನೇರಳೆ ಹೂವು. ಒಂದೆಳೆಯೂ ಆಚೀಚೆ ಆಗಿರಲಿಲ್ಲ. ಅದೇ ತಪ್ಪು.

ಎಳೆ ಸರಿದರೆ ಬೆರಳ ಗೆಣ್ಣಿನ ಮೇಲೆ ಅಳತೆಕೋಲಿನಿಂದ ಬಾರಿಸುತ್ತಿದ್ದವನು ಇದೇ ಮೇಸ್ತ್ರಿ. ಈಗ ಗಾಳಿ ತಿರುಗಿತ್ತು. ಇವು ಮಷೀನಿನ ಕೆಲಸದ ಹಾಗಿವೆ, ಕೈಯಲ್ಲಿ ಹೊಲಿದದ್ದೆಂದು ನಂಬುವುದು ಹೇಗೆ ಎಂದು ದೂರದ ಗಿರಾಕಿಗಳು ಮೂಗು ಮುರಿದಿದ್ದರಂತೆ. ಶೆಡ್ಡಿನ ಒಡತಿ ಅಮ್ಮಾವ್ರು ಕೂಡಲೇ ತಲೆ ಓಡಿಸಿದರು. ಇನ್ನು ಮೇಲೆ ಪ್ರತಿ ಚಿಟ್ಟೆಯಲ್ಲೂ ಒಂದಿಷ್ಟು ಸೊಟ್ಟ ಇರಬೇಕು. ಹಾಗಂತ ಮನಸ್ಸಿಗೆ ಬಂದಂತೆ ಸೊಟ್ಟ ಮಾಡುವಂತಿಲ್ಲ. ಎಡ ರೆಕ್ಕೆಯ ತುದಿಯಲ್ಲಿ ಸ್ವಲ್ಪ, ಹೂವಿನ ಎಸಳಲ್ಲಿ ಸ್ವಲ್ಪ. ಮಾದರಿಯ ರಿಂಗು ಗೋಡೆಯ ಮೇಲೆ ತೂಗುತ್ತಿತ್ತು. ಆ ಸೊಟ್ಟದಿಂದ ಕೂದಲೆಳೆಯಷ್ಟು ಸರಿದರೂ ಅಳತೆಕೋಲು ಮತ್ತೆ ಹಾಜರು.

ಅಮ್ಮಾವ್ರು ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಒಳಗೆ ಬಂದರು. "ನೋಡ್ರೇ, ಇದು ತಪ್ಪಲ್ಲ, ಪ್ರೀತಿ. ಮನಸ್ಸಿಟ್ಟು ತಪ್ಪು ಮಾಡ್ಬೇಕು."

"ಹಾಗಾದ್ರೆ ನನ್ನ ಗಂಡಂಗೆ ನನ್ಮೇಲೆ ಬೆಟ್ಟದಷ್ಟು ಪ್ರೀತಿ ಕಣೆ," ಎಂದು ಸಾಲಿನಲ್ಲಿ ಬಾಯಿಬಡುಕಿ ಅನ್ನಿಸಿಕೊಂಡವಳು ತನ್ನ ಪಕ್ಕದವಳ ಕಿವಿಯಲ್ಲಿ ಪಿಸುಗುಟ್ಟಿದಳು.

ಕುಳ್ಳಿಗೆ ನಗು ಬರಲಿಲ್ಲ. ಕಿಟಕಿಯ ಪಕ್ಕದ ಖಾಲಿ ಜಾಗ ಕಣ್ಣು ಚುಚ್ಚುತ್ತಿತ್ತು. ಅದು ಅವಳ ಚಿಕ್ಕಮ್ಮನ ಜಾಗ. ತಾಯಿ ಸತ್ತ ಮೇಲೆ ಸಾಕಿದವಳು, ಸೂಜಿ ಹಿಡಿಯಲು ಕಲಿಸಿದವಳು. ಈ ಚಿಟ್ಟೆಯನ್ನು ಮೊದಲು ಬಟ್ಟೆಯ ಮೇಲೆ ಬರೆದವಳೂ ಅವಳೇ. ಕೈ ನಡುಗಿ, ಕಣ್ಣು ಮಂಜಾಗಿ, ಹೊಲಿಗೆ ಸೊಟ್ಟಗಾಯಿತೆಂದು ಹೋದ ತಿಂಗಳಷ್ಟೇ ಅವಳನ್ನು ಹೊರಗೆ ಹಾಕಿದ್ದರು. ಅಂದಿನಿಂದ ಅವಳು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಆ ಜಾಗ ವಾಪಸು ಸಿಗದಿದ್ದರೆ ಚಿಕ್ಕಮ್ಮ ಉಳಿಯುವುದಿಲ್ಲವೆಂಬುದು ಕುಳ್ಳಿಗೆ ಖಾತ್ರಿಯಾಗಿತ್ತು.

ಅವಳು ಎದ್ದು ನಿಂತಳು. ನಿಂತರೂ ಕೂತಂತೆಯೇ ಕಾಣುವುದು ಅವಳ ಹಣೆಬರಹ. "ಅಮ್ಮಾವ್ರೇ, ಸೊಟ್ಟನೇ ಬೇಕಂದ್ರೆ ನಮ್ಮ ಚಿಕ್ಕಮ್ಮನ್ನ ವಾಪಸ್ ಕರೀರಿ. ಅವಳಿಗೆ ಯಾರೂ ಕಲಿಸ್ಬೇಕಾಗಿಲ್ಲ, ತಾನಾಗೇ ಬರುತ್ತೆ."

ಅಮ್ಮಾವ್ರು ಮಗುವಿಗೆ ತಿಳಿಹೇಳುವವರಂತೆ ನಕ್ಕರು. "ಅವಳದು ನಿಜವಾದ ಸೊಟ್ಟ ಕಣೇ. ಅದನ್ನ ಯಾರು ಕೊಂಡ್ಕೋತಾರೆ?"

"ಕೂತ್ಕೊಳ್ಳೇ ಹಲ್ಕಟ್ ಮುಂಡೆ," ಎಂದ ಮೇಸ್ತ್ರಿ. ಕುಳ್ಳಿ ಕೂತಳು.

ಮರುದಿನ ಗಿರಾಕಿಗಳೇ ಶೆಡ್ಡು ನೋಡಲು ಬರುವವರಿದ್ದರು. ನೆಲ ತೊಳೆದಾಯಿತು. ಅಳತೆಕೋಲು ಬೀರು ಸೇರಿತು. ಹೆಂಗಸರಿಗೆ ಎಷ್ಟು ಹಲ್ಲು ಕಾಣುವಂತೆ ನಗಬೇಕೆಂದು ಹೇಳಿಕೊಟ್ಟದ್ದೂ ಆಯಿತು. ಅವರು ಬರುವ ಬೆಳಿಗ್ಗೆ, ಈ ಗಡಿಬಿಡಿಯಲ್ಲೇ ಕುಳ್ಳಿ ಚಿಕ್ಕಮ್ಮನ ಕೈಹಿಡಿದು ಕರೆತಂದು, ಕಿಟಕಿಯ ಪಕ್ಕ ಕೂರಿಸಿ, ಅವಳ ಮಡಿಲಲ್ಲಿ ಒಂದು ರಿಂಗು ಇಟ್ಟಳು.

"ಬೈತಾರೆ ಕಣೇ ಮಗಾ."

"ಬೈಲಿ ಬಿಡು. ನೀನು ಹೊಲಿ."

ಅರ್ಧ ರೆಕ್ಕೆ ತುಂಬುವ ಹೊತ್ತಿಗೆ ಮೇಸ್ತ್ರಿಯ ಕಣ್ಣಿಗೆ ಬಿತ್ತು. ಹಲ್ಲು ಕಡಿಯುತ್ತ ಬಂದು ಚಿಕ್ಕಮ್ಮನ ರಟ್ಟೆಗೆ ಕೈ ಹಾಕಿದ. ಅಷ್ಟರಲ್ಲಿ ಗಿರಾಕಿಗಳು ಬಾಗಿಲಲ್ಲಿ ಕಾಣಿಸಿಕೊಂಡರು. ರಟ್ಟೆ ಹಿಡಿದ ಕೈ ಹಾಗೇ ಜಾರಿ ಬೆನ್ನು ಸವರತೊಡಗಿತು.

ಗಿರಾಕಿಗಳಲ್ಲೊಬ್ಬ ಹೆಂಗಸು ನೇರ ಕಿಟಕಿಯ ಬಳಿಗೇ ಬಂದಳು. ನಡುಗುವ ಕೈ, ಒಂದು ಕಡೆ ಜೋತುಬಿದ್ದ ರೆಕ್ಕೆ ನೋಡಿ ಅವಳ ಕಣ್ಣು ಒದ್ದೆಯಾಯಿತು. ಫೋಟೋ ತೆಗೆದಳು. ಕಣ್ಣೊರೆಸಿಕೊಂಡು, ಬೆಳಕು ಸಾಲದೆಂದು ಇನ್ನೊಂದು ತೆಗೆದಳು. "ನಂಗೆ ಇದೇ ಬೇಕು. ಹೋಗೋವಾಗ ಜೊತೆಗೇ ತಗೊಂಡು ಹೋಗ್ತೀನಿ."

"ಇವರು ನಮಗೆಲ್ಲ ತಾಯಿ ಇದ್ದ ಹಾಗೆ," ಎಂದರು ಅಮ್ಮಾವ್ರು, ಮೂಗಿನ ಕರವಸ್ತ್ರವನ್ನು ಕಣ್ಣಿಗೊತ್ತಿ. "ಇವರಿಲ್ಲದೆ ಈ ಶೆಡ್ಡೇ ಇಲ್ಲ."

ಗಿರಾಕಿಗಳನ್ನು ಮುಂದಿನ ಕೋಣೆಗೆ ಚಹಾ ಕುಡಿಯಲು ಕರೆದುಕೊಂಡು ಹೋದರು. ಬಾಗಿಲು ಮುಚ್ಚಿತು.

"ಎದ್ದೇಳೇ ಮುದುಕಿ," ಎಂದ ಮೇಸ್ತ್ರಿ. "ರಿಂಗು ಕೊಟ್ಟು ಮನೆಗೆ ನಡಿ."

"ಅಮ್ಮಾವ್ರು ಈಗಷ್ಟೇ ತಾಯಿ ಅಂದ್ರು," ಎಂದಳು ಕುಳ್ಳಿ.

"ಅದು ಅವರಿಗೆ ಹೇಳಿದ್ದು ಕಣೇ, ನಿಮಗಲ್ಲ."

ಅವನು ರಿಂಗು ಎಳೆದ. ಜೊತೆಗೆ ಚಿಕ್ಕಮ್ಮ ಉಟ್ಟ ಬಟ್ಟೆಯೂ ಬಂತು. ಜಗ್ಗಿ ಎಳೆದ. ಚಿಕ್ಕಮ್ಮನೇ ಮುಂದಕ್ಕೆ ಜಾರಿದಳು. ಕಣ್ಣು ಕಾಣದೆ ಅವಳು ಚಿಟ್ಟೆಯನ್ನು ತನ್ನ ಬಟ್ಟೆಗೇ ಸೇರಿಸಿ ಹೊಲಿದುಬಿಟ್ಟಿದ್ದಳು. ಮಡಿಲ ಮೇಲೆ ರಿಂಗಿಟ್ಟು ಹೊಲಿಯುವವರೆಲ್ಲ ಕಲಿಯುವಾಗ ಮಾಡಿ ಬೈಸಿಕೊಳ್ಳುವ ತಪ್ಪು ಅದು.

"ಅಯ್ಯೋ, ಗೊತ್ತಾಗ್ಲಿಲ್ಲಪ್ಪ," ಎಂದು ಚಿಕ್ಕಮ್ಮ ಹೆದರಿ ಕತ್ತರಿಗೆ ತಡಕಾಡಿದಳು.

ಕುಳ್ಳಿ ಸಾಲಿಗೆಲ್ಲ ಇದ್ದ ಒಂದೇ ಕತ್ತರಿಯನ್ನು ತೆಗೆದು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಬಿಡು ಚಿಕ್ಕಮ್ಮ. ಚಿಟ್ಟೆ ಬೇಕಂದ್ರೆ ನಿನ್ನನ್ನೂ ಇಟ್ಕೋಬೇಕು."

ಆಮೇಲೆ ತನ್ನ ರಿಂಗನ್ನು ಮಡಿಲ ಮೇಲಿಟ್ಟು, ಸೂಜಿಯನ್ನು ಉಟ್ಟ ಬಟ್ಟೆಯವರೆಗೂ ಇಳಿಸಿ, ದಾರ ಬಿಗಿಯಾಗಿ ಎಳೆದಳು. ಬಾಯಿಬಡುಕಿ ನೋಡಿದಳು. ಅವಳೂ ಹಾಗೇ ಮಾಡಿದಳು. ಅವಳ ಪಕ್ಕದವಳೂ ಮಾಡಿದಳು. ಮೇಸ್ತ್ರಿ ಒಬ್ಬಳ ರಿಂಗು ಕಸಿಯಲು ಓಡುವಷ್ಟರಲ್ಲಿ ಸಾಲಿನಲ್ಲಿದ್ದವರೆಲ್ಲ ಗಂಟು ಹಾಕಿ ಮುಗಿಸಿದ್ದರು.

"ಮೇಸ್ತ್ರೀ, ರಿಂಗುಗಳನ್ನ ತಗೊಂಡು ಬಾ," ಎಂದು ಮುಂದಿನ ಕೋಣೆಯಿಂದ ಅಮ್ಮಾವ್ರ ಸಿಹಿ ದನಿ ಕೇಳಿತು.

ಕುಳ್ಳಿ ಚಿಕ್ಕಮ್ಮನನ್ನು ಎಬ್ಬಿಸಿದಳು. ಹಿಂದೆಯೇ ಹೆಂಗಸರೆಲ್ಲ ಎದ್ದರು, ಮಡಿಲಲ್ಲಿ ಚಿಟ್ಟೆ ಜೋತಾಡಿಸಿಕೊಂಡೇ. ಮೇಸ್ತ್ರಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತ.

"ರಿಂಗು ತಾನೇ ಕೇಳಿದ್ದು? ನಾವೇ ಕೊಡ್ತೀವಿ," ಎಂದಳು ಕುಳ್ಳಿ. "ದಾರಿ ಬಿಡೋ, ಬಡ್ಡೀಮಗನೆ."