ವೈನಿಗೊಂದು ಡ್ರಮ್ಮು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಅವತ್ತು ಆ ಮೂಗೇ ಕೆಲಸಕ್ಕೆ ಬಂತು.

ಹನ್ನೆರಡು ಕಿಲೋ ಕಪ್ಪು ದ್ರಾಕ್ಷಿ ತೊಳೆದು ಅಡುಗೆಮನೆಯಲ್ಲಿ ಹಳೇ ಬೆಡ್‌ಶೀಟಿನ ಮೇಲೆ ಹರವಿದ್ದೆವು. ಅಪ್ಪ ಮೂವತ್ತು ವರ್ಷದಿಂದ ಮನೆಯಲ್ಲೇ ವೈನ್ ಮಾಡುತ್ತಿದ್ದವರು. ನಲ್ಲಿ ರಿಪೇರಿ ಕೆಲಸ ಬಿಟ್ಟ ಮೇಲೆ ಅವರಿಗೆ ಉಳಿದಿದ್ದ ಹೆಮ್ಮೆ ಅದೊಂದೇ. ವೈನ್ ಹಾಕುವ ದೊಡ್ಡ ಭರಣಿ ಹೋದ ತಿಂಗಳು ಬಿರುಕು ಬಿಟ್ಟಿತ್ತು. ಹಾಗಾಗಿ ಬೆಳಿಗ್ಗೆ ಎಲ್ಲಿಂದಲೋ ಒಂದು ನೀಲಿ ಡ್ರಮ್ಮು ಹೊತ್ತು ತಂದರು.

"ತಳ ನೋಡು. ತ್ರಿಕೋನದೊಳಗೆ ಎರಡು ಅಂತಿದೆ. ಗಟ್ಟಿ ಪ್ಲಾಸ್ಟಿಕ್ಕು, ವೈನಿಗೆ ಇದೇ ಸರಿ."

ಎರಡೇನೋ ಇತ್ತು. ಮುಚ್ಚಳ ತೆಗೆದೆ. ಫಿನೈಲ್ ವಾಸನೆ ಮೂಗಿಗೆ ರಪ್ಪನೆ ಬಡಿಯಿತು.

"ಅಪ್ಪಾ, ಇದ್ರಲ್ಲಿ ಮೊದಲು ಏನಿತ್ತು?"

"ಏನಿದ್ರೇನು? ಮೂರು ಸಲ ಬಿಸಿನೀರಲ್ಲಿ ತೊಳ್ದಿದೀನಿ. ಒಂಚೂರೂ ವಾಸನೆ ಇಲ್ಲ. ನನ್ನ ಕೆಲಸದಲ್ಲಿ ನೀನು ಮೂಗು ತೂರಿಸ್ಬೇಡ."

ಚಿಕ್ಕಂದಿನಿಂದ ಕೇಳಿದ ಮಾತು. ಎಂದಿನಂತೆ ಜಗಳಕ್ಕೆ ಬಾಯಿ ತೆರೆದವಳು ಹಾಗೇ ನಿಂತುಬಿಟ್ಟೆ. ಹೋದ ವಾರ ಒಲೆಯ ಮೇಲೆ ಹಾಲು ಸೀದು ಮನೆಯೆಲ್ಲ ನಾರುತ್ತಿದ್ದಾಗ ಅಪ್ಪ ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದರು. ಆಗ ಹೊಳೆಯಿತು: ಹೋದ ವರ್ಷ ದೊಡ್ಡ ಜ್ವರ ಬಂದು ಹೋದ ಮೇಲೆ ಅವರಿಗೆ ವಾಸನೆಯೇ ತಿಳಿಯುತ್ತಿಲ್ಲ. ಯಾರಿಗೂ ಹೇಳದೆ ನುಂಗಿಕೊಂಡಿದ್ದಾರೆ. ನನಗೆ ಸಂಕಟವಾಯಿತು. ಬಾಯಿಬಿಟ್ಟು ಹೇಳಿದರೆ ಅವರು ಇನ್ನು ವೈನಿನ ತಂಟೆಗೇ ಹೋಗಲಿಕ್ಕಿಲ್ಲ. ಹೇಳದಿದ್ದರೆ ಮನೆಮಂದಿಯೆಲ್ಲ ಫಿನೈಲ್ ಕುಡಿಯಬೇಕು.

ಹೇಳಿಯೇ ತೀರುವುದೆಂದು ನಿರ್ಧರಿಸಿದೆ. ಡ್ರಮ್ಮಿಗೆ ಬಿಸಿನೀರು ಸುರಿದು, ಮುಚ್ಚಳ ಬಿಗಿದು, ಅರ್ಧ ಗಂಟೆ ಬಿಟ್ಟು ಅವರ ಮುಂದೆಯೇ ತೆಗೆದೆ. ಪಕ್ಕದ ಕೋಣೆಯಿಂದ ಅಮ್ಮ ಕೂಗಿದಳು: "ಯಾರೇ ಅದು, ಈಗ ಬಚ್ಚಲು ತೊಳೀತಿರೋದು?"

ಅಪ್ಪ ಡ್ರಮ್ಮಿನೊಳಗೆ ಮುಖ ಬಗ್ಗಿಸಿ ಉಸಿರೆಳೆದರು. ಮತ್ತೊಮ್ಮೆ ಎಳೆದರು.

"ನಿಮಗೆ ವಾಸನೆ ಗೊತ್ತಾಗ್ತಿಲ್ಲ ಅಪ್ಪಾ" ಅಂದೆ. "ಅದಕ್ಕೆ ವೈನ್ ಯಾಕೆ ಬಿಡ್ಬೇಕು? ಬೇರೆ ಡ್ರಮ್ಮು ತರೋಣ. ಚಪ್ಪಲಿ ಹಾಕ್ಕೊಳ್ಳಿ."

ಅವರು ಡ್ರಮ್ಮಿನ ಮುಚ್ಚಳ ಮುಚ್ಚಿದರು. ಚಪ್ಪಲಿ ಹಾಕಿಕೊಂಡರು.

ಪ್ಲಾಸ್ಟಿಕ್ ಅಂಗಡಿಯವನು ಕಸದ ಬುಟ್ಟಿಯನ್ನೂ ಸೇರಿಸಿ ಎಲ್ಲದರತ್ತ ಕೈ ತೋರಿಸಿ, "ಎಲ್ಲಾ ಫುಡ್ ಗ್ರೇಡೇ ಅಕ್ಕಾ" ಅಂದ. ನಾನು ಬಿಡಲಿಲ್ಲ. ಒಂದೊಂದನ್ನೇ ಬೋರಲು ಹಾಕಿ, ತ್ರಿಕೋನದ ಜೊತೆಗೆ ಲೋಟ-ಫೋರ್ಕಿನ ಗುರುತನ್ನೂ ಹುಡುಕಿದೆ. ತಿನ್ನುವ ಕುಡಿಯುವ ಪದಾರ್ಥ ಹಾಕಬಹುದು ಅನ್ನುವುದಕ್ಕೆ ಅದೇ ಗುರುತು. ಆರೇಳು ನೋಡಿದ ಮೇಲೆ ಒಂದರಲ್ಲಿ ಎರಡೂ ಸಿಕ್ಕವು.

ಅಷ್ಟು ಹೊತ್ತೂ ಬಾಗಿಲಲ್ಲೇ ನಿಂತಿದ್ದ ಅಪ್ಪ ಬಂದರು. ಡ್ರಮ್ಮಿನೊಳಗೆ ಕೈ ಇಳಿಬಿಟ್ಟು ಸುತ್ತಲೂ ಬೆರಳಿನಿಂದ ಸವರಿದರು.

"ಗೀರಿದೆ. ಗೀರಲ್ಲಿ ಕೊಳೆ ಕೂತ್ರೆ ವೈನು ಕೆಟ್ಟುಹೋಗುತ್ತೆ. ಬೇರೆ ಕೊಡಪ್ಪ."

ಆ ಗೀರು ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ. ಅಂಗಡಿಯವನು ಗೊಣಗುತ್ತ ಅಂಥದ್ದೇ ಇನ್ನೊಂದನ್ನು ಅಟ್ಟದಿಂದ ಇಳಿಸಿದ. ಅಪ್ಪ ತಳದ ಗುರುತು ನೋಡಿದರು, ಒಳಗೆಲ್ಲ ಸವರಿದರು, ಮುಚ್ಚಳ ತಿರುಗಿಸಿ ಬಿಗಿ ಪರೀಕ್ಷಿಸಿದರು.

"ಮುಚ್ಚಳಕ್ಕೆ ಗಾಳಿ ಹೋಗೋ ಕೊಳವೆ ನಾನೇ ಕೂರಿಸ್ತೀನಿ" ಅಂದರು. ಆಮೇಲೆ ಮುಚ್ಚಳ ತೆಗೆದು, ಡ್ರಮ್ಮನ್ನು ನನ್ನ ಕಡೆ ತಳ್ಳಿ, ನನ್ನ ಮುಖ ನೋಡದೆ ಹೇಳಿದರು:

"ಬಾ. ಮೂಗು ತೂರಿಸು."