‘ಬ್ಯಾಡ್ರಿ’ ಎಂಬ ಒಪ್ಪಿಗೆ

ನಾನು ಹೇಳುವುದರಲ್ಲಿ ಅರ್ಧ ಸುಳ್ಳು ಎಂದು ಒಮಾನಿನ ಅಲ್ ಖೌದಿನ ಕನ್ನಡಿಗರ ಅಂಬೋಣ. ಇದು ಮಿಕ್ಕ ಅರ್ಧಕ್ಕೆ ಸೇರಿದ್ದು.

೨೦೧೬ರಲ್ಲಿ ಎಣ್ಣೆಯ ಬೆಲೆ ನೆಲಕಚ್ಚಿ, ನಮ್ಮ ಕಟ್ಟಡದಲ್ಲಿ ತಿಂಗಳಿಗೊಂದು ಸಂಸಾರ ಗಂಟುಮೂಟೆ ಕಟ್ಟುತ್ತಿತ್ತು. ಮೇಲಿನ ಮನೆಯ ಗದಗಿನ ಬಸವಕುಮಾರಣ್ಣನ ಕಂಪನಿಯೂ ಸೈಟ್ ಎಂಜಿನಿಯರುಗಳನ್ನು ತೆಗೆಯುತ್ತಿತ್ತು. ಅವನಿಗೆ ಉಳಿದದ್ದು ಕಾಂಟ್ರ್ಯಾಕ್ಟ್ ವಿಭಾಗದ ಒಂದೇ ಒಂದು ಹುದ್ದೆ. ಅಲ್ಲಿನ ಕರಾರುಗಳೆಲ್ಲ ಅಮೆರಿಕದ ಕಾನೂನಿನಂತೆ. ಹದಿನೈದು ದಿನದೊಳಗೆ ಹ್ಯೂಸ್ಟನ್ನಿನಿಂದ ‘ಪಿ. ಹಡ್ಸನ್’ ಫೋನಿನಲ್ಲೇ ಸಂದರ್ಶನ ಮಾಡುವರೆಂದು ಈಮೇಲ್ ಬಂದಿತ್ತು. ಅದು ತಪ್ಪಿದರೆ ವೀಸಾ ಖಲಾಸ್. ಮಗಳು ಅಂಜಲಿ ಹತ್ತನೇ ತರಗತಿಯನ್ನು ಅರ್ಧಕ್ಕೆ ಬಿಡಬೇಕು.

ಅಣ್ಣ ಆ ಕಾನೂನನ್ನು ಓದಿದ. ಫ್ರಿಜ್ಜಿನ ಮೇಲೆಲ್ಲ ಚೀಟಿ. ‘ಕೊಟ್ಟ ಆಫರನ್ನು ಇದ್ದದ್ದು ಇದ್ದಂತೆ ಒಪ್ಪಬೇಕು. ಬೇಡ ಎಂದರೆ ಆಫರ್ ಅಲ್ಲಿಗೇ ಸತ್ತಿತು.’ ಅಮೆರಿಕದ ಸಂವಿಧಾನದ್ದೂ ಒಂದು: ‘ಅಹವಾಲು ಕೇಳದೆ ಸರ್ಕಾರ ಯಾರನ್ನೂ ಶಿಕ್ಷಿಸುವಂತಿಲ್ಲ.’

ಆದರೆ ಅವನ ಊರಿನ ಸಂವಿಧಾನವೇ ಬೇರೆ. ಯಾರು ಏನು ಕೊಟ್ಟರೂ ಮೂರು ಸಲ ‘ಬ್ಯಾಡ್ರಿ’ ಅನ್ನಬೇಕು, ನಾಲ್ಕನೆಯ ಸಲ ತೆಗೆದುಕೊಳ್ಳಬೇಕು. ಇಬ್ರಾ ಎಂಬ ಊರಿನಲ್ಲಿ ಒಮಾನಿ ಗೆಳೆಯನೊಬ್ಬನ ಮನೆಗೆ ಹೋದಾಗ ಇದೇ ಅವನಿಗೆ ಮುಳುವಾಗಿತ್ತು. ಅಲ್ಲಿ ಕಾಫಿ ಸಾಕೆಂದರೆ ಪುಟ್ಟ ಬಟ್ಟಲನ್ನು ಅಲ್ಲಾಡಿಸಬೇಕು. ಅಣ್ಣ ಬಟ್ಟಲು ಅಲ್ಲಾಡಿಸದೆ ಬರೀ ‘ಬ್ಯಾಡ್ರಿ’ ಅನ್ನುತ್ತ ಹನ್ನೊಂದು ಬಟ್ಟಲು ಕುಡಿದಿದ್ದ.

ಅಣಕು ದನಿಗೆ ಹೆಸರಾದ ನನ್ನ ಗಂಟಲು ತುರಿಸತೊಡಗಿತು. ಒಂದು ಸಂಜೆ ಮೆಟ್ಟಿಲ ಕೆಳಗೆ ನಿಂತು, ನಂಬರು ಅಡಗಿಸಿ, ಬಾಯಲ್ಲಿ ಬಿಸಿ ಆಲೂಗಡ್ಡೆ ಇದ್ದವನಂತೆ ದನಿ ಹೊರಳಿಸಿದೆ: “ಹಡ್ಸನ್ ಹಿಯರ್! ಕೆಲಸ ನಿಮಗೇ ಕೊಡುತ್ತಿದ್ದೇವೆ. ಒಪ್ಪಿಗೆಯೇ?”

“ನೋ ನೋ ಸರ್! ವೈ ಸೋ ಮಚ್ ಟ್ರಬಲ್ ಫಾರ್ ಮಿ!”

“ಬೇಡವೇ? ಓಕೆ, ಗುಡ್‌ಬೈ.”

ನಗು ಅದುಮಿಕೊಂಡು ಮೇಲೆ ಹೋದರೆ, ಅಣ್ಣ ಫ್ರಿಜ್ಜಿಗೆ ಒರಗಿ ನೆಲದ ಮೇಲೆ ಕೂತಿದ್ದ. “ಆಫರ್ ಕೊಂದು ಹಾಕಿದೆ ತೇಜಸ್ವಿ. ನಾನ ಬರದ ಚೀಟಿ ನನ್ನ ಬೆನ್ನಿಗೇ ಐತಿ.”

ನನ್ನ ನಗು ಗಂಟಲಲ್ಲೇ ಇಂಗಿತು. ಹಡ್ಸನ್ನನ ದನಿಯಲ್ಲೇ ‘ಸಾರಿ’ ಎಂದೆ.

ಅಣ್ಣನ ಹೆಂಡತಿ ನೇತ್ರಕ್ಕ ಲಟ್ಟಣಿಗೆ ಹಿಡಿದೇ ಹೊರಬಂದಳು. “ಇವಗ ಇನ್ ಮ್ಯಾಲೆ ಈ ಮನಿ ರೊಟ್ಟಿ ಬಂದ್!”

“ತಡಿಯಽ,” ಅಣ್ಣ ಕಣ್ಣೊರೆಸಿಕೊಂಡ. “ಅಂವನ ಅಹವಾಲು ಕೇಳಬೇಕು. ಸರ್ಕಾರಕ್ಕಷ್ಟ ಅದು ಲಾಗೂ, ಖರೆ. ಮನ್ಯಾಗ ನೀನ ಸರ್ಕಾರ ಅಲ್ಲೇನು?”

“ಏನಪಾ ನಿನ್ನ ಅಹವಾಲು?”

“ತಪ್ಪಾಯ್ತು ಅಕ್ಕ. ಆದ್ರೆ ನಿಜವಾದ ಫೋನಲ್ಲೂ ಹಿಂಗೇ ಅಂದಿದ್ರೆ?”

ಅಕ್ಕ ಗಂಡನ ಮುಖ ನೋಡಿದಳು. ಲಟ್ಟಣಿಗೆ ಕೆಳಗಿಳಿಯಿತು. ಶಿಕ್ಷೆ: ದಿನಾ ಸಂಜೆ ಹಡ್ಸನ್ ಆಗಿ ಫೋನ್ ಮಾಡಿ, ಅಣ್ಣನ ಬಾಯಲ್ಲಿ ಮೊದಲ ಸಲಕ್ಕೇ ‘ಯೆಸ್’ ಹೊರಡಿಸುವುದು. ಒಂಬತ್ತು ಸಂಜೆ ನಾನು ಟೆಕ್ಸಾಸಿನ ಗೂಳಿಯಂತೆ ಗುಟುರು ಹಾಕಿದೆ. ಒಂಬತ್ತನೆಯ ಸಂಜೆಗೂ ಅವನ ‘ಯೆಸ್’ಗಿಂತ ಮೊದಲು ಅರ್ಧ ‘ನೋ’ ನುಸುಳುತ್ತಿತ್ತು.

ಹತ್ತನೆಯ ಸಂಜೆ ನಾನು ಅಲ್ಲೇ ರೊಟ್ಟಿ ಮುರಿಯುತ್ತಿರುವಾಗ ಫೋನ್ ಬಡಿದುಕೊಂಡಿತು. ಅಣ್ಣ ನನ್ನತ್ತ ನೋಡಿದ. ನನ್ನ ಎರಡೂ ಕೈ ತಟ್ಟೆಯಲ್ಲಿದ್ದವು. ಅವನು ಸ್ಪೀಕರ್ ಒತ್ತಿದ.

ಪಿಸುಗುಟ್ಟುವಷ್ಟು ಮೆತ್ತಗಿನ ಹೆಣ್ಣುದನಿ: “ಪ್ಯಾಟ್ರಿಷಿಯಾ ಹಡ್ಸನ್.”

ನನ್ನ ಬಾಯಿಯ ರೊಟ್ಟಿ ಅಲ್ಲೇ ನಿಂತಿತು. ಆಕೆ ಅರ್ಧ ಗಂಟೆ ಅಣ್ಣನನ್ನು ಜಾಲಾಡಿ, ಕೊನೆಗೆ ಕೇಳಿದಳು: ತಮಾಷೆಗೆ ಕೊಟ್ಟ ಆಫರಿಗೂ ಕಟ್ಟುಬೀಳಬೇಕೇ?

ಅಣ್ಣ ನನ್ನನ್ನೇ ದಿಟ್ಟಿಸುತ್ತ ಉತ್ತರಿಸಿದ: ಕೇಳಿದವನು ನಿಜವೆಂದು ನಂಬುವುದು ಸಹಜ ಎನ್ನುವಂತೆ ಮಾತಾಡಿದ್ದರೆ ಕಟ್ಟುಬೀಳಬೇಕು, ಆಡಿದವನು ಮನಸ್ಸಿನೊಳಗೆ ನಗುತ್ತಿದ್ದನೆಂಬುದು ಲೆಕ್ಕಕ್ಕಿಲ್ಲ.

ಆಕೆ ನಕ್ಕಳು. “ಹುದ್ದೆ ನಿಮಗೆ ಕೊಡುತ್ತಿದ್ದೇವೆ. ಒಪ್ಪಿಗೆಯೇ?”

ಅಣ್ಣನ ತುಟಿ ‘ನೋ’ ಆಕಾರಕ್ಕೆ ಗುಂಡಗಾಯಿತು. ನೇತ್ರಕ್ಕ ಕಾಫಿ ಬಟ್ಟಲನ್ನೆತ್ತಿ ಅವನ ಮೂಗಿನ ಮುಂದೆ ಗಡಗಡ ಅಲ್ಲಾಡಿಸಿದಳು.

“ಯೆಸ್, ಮೇಡಂ!”

ಫೋನ್ ಇಟ್ಟನೋ ಇಲ್ಲವೋ, ಒಳಗಿನ ಕೋಣೆಯಿಂದ ಅಂಜಲಿ, “ಪಪ್ಪಾ, ಸೋ ವಿ ಆರ್ ಸ್ಟೇಯಿಂಗ್?” ಎಂದಳು.

“ಹೂಂ ಅವ್ವಾ, ಇಲ್ಲೇ!” ಎಂದ ಅಣ್ಣ ನನ್ನತ್ತ ತಿರುಗಿದ. “ಒಂಬತ್ತು ದಿನ ಗೂಳಿ ಕೂಡ ಕಲತೆ, ಬಂದಾಕಿ ಗುಬ್ಬಚ್ಚಿ!” ಎಂದು ಒಮ್ಮೆ ನನ್ನ ಗುಟುರು, ಒಮ್ಮೆ ಆಕೆಯ ಪಿಸುದನಿ ಅಣಕಿಸುತ್ತ, ಫ್ರಿಜ್ಜಿನ ಚೀಟಿಗಳು ಉದುರುವಂತೆ ಅದಕ್ಕೆ ಬೆನ್ನು ಬಡಿದುಕೊಂಡು ನಕ್ಕ. ಅಕ್ಕ ನಕ್ಕಳು, ನಾನೂ ನಕ್ಕೆ. ಆದರೆ ಪಕ್ಕದ ಮನೆಯವರು ಬಂದು ಬಾಗಿಲು ತಟ್ಟಿದ್ದು ಅವನ ನಗುವಿಗೇ.