ಬಾಣಂತಿಗೆ ಒಂದು ತಂಬಿಗೆ ನೀರು

ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಭಾಲ್ಕಿ ಹತ್ತಿರದ ಭಾತಂಬ್ರಾದಲ್ಲಿ, ಕುರಿ ಸಾಕುವ ಹಣಮಂತಪ್ಪನ ಮನೆಯಲ್ಲಿ ಹೆಣ್ಣುಕೂಸು ಹುಟ್ಟಿತ್ತು. ಅವನ ತಾಯಿ ಸುಂದರಬಾಯಿಗೆ ಹಿಗ್ಗೋ ಹಿಗ್ಗು. ಆದರೆ ಕೂಸು ಅಳು ನಿಲ್ಲಿಸಲೊಲ್ಲದು. ಎಷ್ಟು ಚೀಪಿದರೂ ಹಾಲು ಸಾಲದೆ ದಿನದಿನಕ್ಕೆ ಸೊರಗುತ್ತಿತ್ತು.

ಬಾಣಂತಿ ಪುತಳಾಬಾಯಿಯ ತುಟಿ ಒಣಗಿ ಸಿಪ್ಪೆಯೆದ್ದಿತ್ತು. ಅತ್ತೆ ಕೊಡುತ್ತಿದ್ದುದು ಒಣ ಜೋಳದ ರೊಟ್ಟಿ, ಬೆಳ್ಳುಳ್ಳಿ ಖಾರ, ಗಂಟಲು ನೆನೆಯುವಷ್ಟು ನೀರು. ಬೇಳೆಯಿಲ್ಲ, ಸೊಪ್ಪಿಲ್ಲ. ಇದೇನು ಸಿಟ್ಟಿನಿಂದಲ್ಲ, ಸೊಸೆಯೆಂದರೆ ಸುಂದರಬಾಯಿಗೆ ಪ್ರಾಣ. ಪಾಪ, ಅಕ್ಕರೆಯಿಂದಲೇ ಅವಳನ್ನು ಬಾಯಾರಿಸಿಟ್ಟಿದ್ದಳು.

ಸರ್ಕಾರಿ ದವಾಖಾನೆಯ ನರ್ಸು ಅನುಸೂಯಾಬಾಯಿ ಬಂದು ನೋಡಿ, ಮೊದಲು ನೀರು ಕುಡಿಸಿರಿ ಎಂದಳು. ಸುಂದರಬಾಯಿ ಸೆರಗು ಬಿಗಿದು ನಿಂತಳು.

"ಕೂಸು ಇದ್ದ ಜಾಗ ಇನ್ನಾ ಹಸಿ ಅದರಿ. ನೀರು ಅಲ್ಲಿ ಹೋಗಿ ನಿಂತರ ಹೊಟ್ಟಿ ಉಬ್ಬತದ. ಮೈಸೂರು ಸರ್ಕಾರಕ್ಕ ನಮ್ಮ ಮನಿ ಬಾಣಂತಿ ಉಸಾಬರಿ ಯಾಕರಿ?"

ತಾನೂ ಬೀದರದವಳೇ ಎಂದು ಅನುಸೂಯಾಬಾಯಿ ನಕ್ಕಳು. ಅಷ್ಟರಲ್ಲಿ ಅಂಗಳದಲ್ಲಿ ಕುರಿಯೊಂದು ಕೂಗಿತು. ಸುಂದರಬಾಯಿ ಜಗಳ ಅರ್ಧಕ್ಕೇ ಬಿಟ್ಟು ಓಡಿದಳು. ನೆನೆಸಿದ ತೊಗರಿ ಹೊಟ್ಟು ಇಟ್ಟಳು, ಬಕೆಟ್ಟಿನ ತುಂಬ ನೀರಿಟ್ಟಳು, ಕುರಿಯ ಕೊರಳು ಸವರಿದಳು. ಅನುಸೂಯಾಬಾಯಿ ಹಿಂದೆಯೇ ಬಂದು ಕೇಳಿದಳು.

"ಇದಕ್ಕ ಅಷ್ಟು ನೀರು ಯಾಕ, ಆಯಿ?"

"ನಿನ್ನಿ ಮರಿ ಹಾಕ್ಯಾದರಿ ಇದು. ನೀರು ಕುಡಿಸದಿದ್ರ ಹಾಲು ಹ್ಯಾಂಗ ಇಳೀತಾವು?"

ಅಂದವಳು ಒಳಗೆ ಮಲಗಿದ್ದ ಸೊಸೆಯತ್ತ ತಿರುಗಿ ನೋಡಿದಳು. ಅನುಸೂಯಾಬಾಯಿ ಅವಳ ಪಕ್ಕ ಕುಳಿತಳು.

"ಕುರಿ ಕೊಯ್ದಾಗ ನೀವೇ ನೋಡೀರಿ. ಮರಿ ಚೀಲ ಬ್ಯಾರಿ, ಕರುಳು ಬ್ಯಾರಿ. ನಮ್ಮದೂ ಹಂಗೇ ಅದರಿ. ಕುಡಿದ ನೀರು ಕೂಸಿನ ಚೀಲಕ್ಕ ಹೋಗಂಗಿಲ್ಲ."

ಆಮೇಲೆ ಬಿಡಿಸಿ ಹೇಳಿದಳು. ಬಾಯಲ್ಲಿ ಅಗಿದ ಅನ್ನ ಹೊಟ್ಟೆಯ ಚೀಲಕ್ಕಿಳಿದು ಅಂಬಲಿಯಂತಾಗುತ್ತದೆ. ಮುಂದೆ ಸಣ್ಣ ಕರುಳಿನಲ್ಲಿ ಅದರ ಸಾರವೂ ಕುಡಿದ ನೀರೂ ರಕ್ತಕ್ಕೆ ಸೇರುತ್ತವೆ. ಆ ರಕ್ತದಿಂದಲೇ ಮೈಗೆ ಬಲ, ಎದೆಗೆ ಹಾಲು. ಉಳಿದದ್ದು ದೊಡ್ಡ ಕರುಳಿಗೆ ಹೋಗುತ್ತದೆ. ನೀರು ಕಡಿಮೆಯಾದರೆ ಮಲ ಅಲ್ಲೇ ಗಟ್ಟಿಯಾಗಿ ಕಾಡುತ್ತದೆ. ಆಗ ಒಳಗಿನಿಂದ ಪುತಳಾಬಾಯಿ, ತನಗೂ ಹೆರಿಗೆಯಾದಾಗಿನಿಂದ ಅದೇ ತ್ರಾಸು ಎಂದು ಮೆಲ್ಲಗೆ ಹೇಳಿದಳು. ಅತ್ತೆಯ ಮುಂದೆ ಬಾಯಿಬಿಡಲು ನಾಚಿಕೆಯಾಗಿತ್ತಂತೆ.

ಸುಂದರಬಾಯಿಯ ಕಣ್ಣು ತುಂಬಿತು. ಕುದಿಸಿ ಆರಿಸಿದ ನೀರಿನ ತಂಬಿಗೆಯನ್ನು ತಾನೇ ಸೊಸೆಯ ಬಾಯಿಗೆ ಹಿಡಿದಳು.

"ಕುರಿಗಿಂತ ಕಡಿಮಿ ಮಾಡಿದ್ನಲ್ಲವ್ವಾ ನಿನಗ. ಕುಡಿ, ಸಾಕಾಗೋತನಕ ಕುಡಿ."

ಅಂದೇ ಒಲೆಯ ಮೇಲೆ ಹೆಸರುಬೇಳೆ ಬೆಂದಿತು, ಮೆಂತ್ಯ ಪಲ್ಯವಾಯಿತು. ಕೂಸಿಗೆ ಮೇಲಿಂದ ಮೇಲೆ ಮೊಲೆ ಕೊಡಬೇಕೆಂದು ಅನುಸೂಯಾಬಾಯಿ ಹೇಳಿ ಹೋದಳು. ಮುಂದಿನ ಸಲ ಅವಳು ಬಂದಾಗ ಕೂಸು ಅಜ್ಜಿಯ ತೊಡೆಯ ಮೇಲಿತ್ತು. ಅಜ್ಜಿ ತುಟಿಗೆ ಬೆರಳಿಟ್ಟು, ಈಗ ತಾನೇ ಹಾಲು ಕುಡಿದು ಮಲಗಿದೆ, ಸಪ್ಪಳ ಬೇಡ ಎಂದು ಸನ್ನೆ ಮಾಡಿದಳು.

ಅಕ್ಕಂದಿರೇ, ಅವ್ವಂದಿರೇ, ನಿಮ್ಮ ಮನೆಯಲ್ಲೂ ಬಾಣಂತಿ ಇರಬಹುದು. ಅವಳಿಗೆ ರೊಟ್ಟಿಯ ಜೊತೆ ಬೇಳೆ ಕೊಡಿ, ಸೊಪ್ಪು ಕೊಡಿ, ಬೇಕಾದಷ್ಟು ನೀರು ಕೊಡಿ. ಕುರಿ ಬಾಯಾರಿದರೆ ಕೂಗುತ್ತದೆ. ಬಾಣಂತಿ ನಾಚಿಕೊಂಡು ಸುಮ್ಮನಿರುತ್ತಾಳೆ. ನೀವೇ ಹೋಗಿ ಕೇಳಿ.